ಗುಡ್ಡ ಕಾಯುವವರ ಮಾತು

ಕುರ್ತಕೋಟಿಯಂಥ ಎರಿಭೂಮಿಯ ಊರುಗಳಿಂದ ಬರುವ ಭಕ್ತರು ಕಪ್ಪತ ಮಲ್ಲಯ್ಯನ ದರ್ಶನ ಮಾಡಿ, ಕಾಯಿ ಒಡೆಸಿ, ಬುತ್ತಿ ಬಿಚ್ಚಿ ಉಂಡು ಇಳಿಯುತ್ತಾರೆ. ದಾರಿಯಲ್ಲಿ ನಿಂತ ಅರಣ್ಯ ರಕ್ಷಕ ಬಹಳ ಮಂದಿಯ ಕಣ್ಣಿಗೆ ಬರೀ ದಂಡ ಹಾಕುವವ. ಆತ ಯಾತಕ್ಕೆ ನಿಂತಿದ್ದಾನೆ ಎಂಬುದನ್ನು ತಿಳಿಯುವುದು ಒಳ್ಳೆಯದು.

ಗದಗ, ಶಿರಹಟ್ಟಿ, ಮುಂಡರಗಿ ಸೀಮೆಗಳಲ್ಲಿ ಹಬ್ಬಿದ ಕಪ್ಪತಗುಡ್ಡ ಔಷಧಿ ಸಸ್ಯಗಳ ಕಣಜ. ತೋಳ, ಕತ್ತೆಕಿರುಬ, ಚಿರತೆ, ನವಿಲುಗಳ ಮನೆ. 2015ರಲ್ಲಿ ಇದಕ್ಕೆ ಸಂರಕ್ಷಿತ ಪ್ರದೇಶದ ಸ್ಥಾನ ಸಿಕ್ಕಿತು. 2016ರಲ್ಲಿ ಅದು ಹೋಯಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳೂ ಜನರೂ ಒಂದಾಗಿ ಹೋರಾಡಿದರು. 2017ರಲ್ಲಿ ಆ ಸ್ಥಾನ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು.

ಕಾಗದದ ಮೇಲೆ ಗುಡ್ಡ ಉಳಿಯಿತು. ಆದರೆ ಬೇಸಿಗೆಯಲ್ಲಿ ಒಂದು ಬೀಡಿಯ ಕಿಡಿ ಸಾಕು, ಒಣಹುಲ್ಲು ಹತ್ತಿ ಉರಿಯಲು. ಬೆಂಕಿ ರೇಖೆ ಮಾಡುವುದು, ಗಸ್ತು ತಿರುಗುವುದು, ಹಸಿ ಟೊಂಗೆಯಿಂದ ಬಡಿದು ಬೆಂಕಿ ಆರಿಸುವುದು ರಕ್ಷಕರ ಕೆಲಸ. ಇಷ್ಟು ದೊಡ್ಡ ಗುಡ್ಡವನ್ನು ಕೆಲವೇ ಮಂದಿ ಕಾಯಲಾರರು. ಅದಕ್ಕೇ ಅವರಿಗೆ ಮಾತೂ ಬೇಕು.

ಕುರಿ ಕಾಯುವ ಹಿರಿಯನೊಬ್ಬ, “ತಮ್ಮಾ, ಸುಟ್ಟರ ಹುಲ್ಲು ಚಲೋ ಬರತೈತಿ” ಅಂದಾನು. ಕಾನೂನು ಹೇಳಿ ಹೆದರಿಸುವುದು ಸುಲಭ. ಅಭಯಾರಣ್ಯಕ್ಕೆ ಬೆಂಕಿ ಹಚ್ಚುವುದು 1972ರ ಕಾಯ್ದೆಯಂತೆ ಅಪರಾಧವೇ ಹೌದು. ಆದರೆ ತಿಳಿದ ರಕ್ಷಕ ಹೀಗೆ ಹೇಳುತ್ತಾನೆ: “ಅಜ್ಜಾರ, ಮೊದಲ ಮಳಿಗೆ ಹಸರು ಕಾಣೂದು ಖರೆ. ಆದರ ನೆಲದಾಗಿನ ಬೀಜ, ಎಳೇ ಗಿಡ, ನವಿಲಿನ ತತ್ತಿ ಎಲ್ಲಾ ಸುಡತಾವ. ಬರೇ ನೆಲದ ಮಣ್ಣು ಮಳ್ಯಾಗ ಹರದು ಕೆರಿಗೆ ಹೋಗತೈತಿ. ಮುಂದ ಕುರಿಗೆ ಏನು ಮೇಯಸ್ತೀರಿ?”

ದಂಡಕ್ಕೆ ಹೆದರಿದವ ರಕ್ಷಕ ಇಲ್ಲದಾಗ ಕಡ್ಡಿ ಗೀರಬಹುದು. ಮಾತು ತಿಳಿದವ ತಾನೇ ಹೊಗೆ ಕಂಡು ಓಡಿಬರುತ್ತಾನೆ. ಅವನೂ ಗುಡ್ಡ ಕಾಯುವವನೇ ಆದ.

ಆದ್ದರಿಂದ ಭಕ್ತರು ಕಲಿಯಬೇಕಾದ್ದು ಇಷ್ಟು: ಕರ್ಪೂರ, ಊದಿನಕಡ್ಡಿ ಗುಡಿಯಲ್ಲಿಯೇ ಹಚ್ಚಬೇಕು. ಬೀಡಿ-ಕಡ್ಡಿಪೆಟ್ಟಿಗೆ ಕಾಡಿಗೆ ಒಯ್ಯಬಾರದು. ಔಷಧಿ ಎಂದು ಬೇರು ಕೀಳಬಾರದು. ಪ್ಲಾಸ್ಟಿಕ್ ಚೀಲ ಮರಳಿ ಮನೆಗೆ ಒಯ್ಯಬೇಕು. ಹೊಗೆ ಕಂಡರೆ ರಕ್ಷಕರಿಗೆ ಕೂಡಲೇ ಹೇಳಬೇಕು. ದಾರಿಯಲ್ಲಿ ಅವರು ಸಿಕ್ಕರೆ ಒಂದು ಗಿಡದ ಹೆಸರನ್ನಾದರೂ ಕೇಳಿ, ಮಕ್ಕಳಿಗೆ ತೋರಿಸಿ ಇಳಿಯಿರಿ.