ಗುಜರಿಗೆ ಹೋಗದ ರೈಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕಿನ ನಮ್ಮ ಹಿರಿಯರು ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಬೇಕಿತ್ತು. ಪಾವಗಡದ ಕಡೆಯವರು ಹಿಂದೂಪುರಕ್ಕೆ ಹೋಗೋರು. ಮಧುಗಿರಿಯವರು ಗೌರಿಬಿದನೂರಿಗೆ, ಇಲ್ಲವೇ ತುಮಕೂರಿಗೆ. ಶಿರಾ, ಕೊರಟಗೆರೆಯವರಿಗೆ ತುಮಕೂರೇ ಗತಿ. ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ಹೋಗುವ ತುಮಕೂರು–ರಾಯದುರ್ಗ ಮಾರ್ಗ ಮಂಜೂರಾಗಿದ್ದು 2007-08ರಲ್ಲಿ. ಹಾಗಾಗಿ ನಮ್ಮಲ್ಲಿ ರೈಲು ಅಂದರೆ ಹೊಸ ರೈಲಿನ ಮಾತೇ. ಎಲ್ಲಿ ಸ್ಟೇಷನ್ನು, ಯಾರ ಜಮೀನು ಹೋಗುತ್ತೆ, ಪರಿಹಾರ ಎಷ್ಟು, ಇದೇ ಮಾತು.

ಹಳೇ ರೈಲು ಏನಾಗುತ್ತೆ? ಈ ಪಾಠದಲ್ಲಿ ಅದನ್ನು ನೋಡೋಣ.

ಮೊದಲು ಓಡುತ್ತಿದ್ದವು ಉಗಿ ಎಂಜಿನ್‌ಗಳು. ಅನ್ನದ ಪಾತ್ರೆ ಕುದಿಯುವಾಗ ಮುಚ್ಚಳ ಏಳುತ್ತೆ ಅಲ್ಲವೇ? ಅದನ್ನು ಏಳಿಸೋದು ಉಗಿ. ಉಗಿ ಎಂಜಿನ್ನೂ ಅದೇ ಬಲದಿಂದ ಓಡುತ್ತೆ. ಕಲ್ಲಿದ್ದಲು ಉರಿಸಿ ನೀರು ಕಾಯಿಸಬೇಕು. ಹುಟ್ಟಿದ ಉಗಿ ಒಂದು ಕೊಳವೆಯೊಳಗಿನ ದಪ್ಪ ಬಿಲ್ಲೆಯನ್ನು ಹಿಂದಕ್ಕೆ ಮುಂದಕ್ಕೆ ತಳ್ಳುತ್ತೆ. ಆ ಬಿಲ್ಲೆಗೆ ಕಟ್ಟಿದ ಸರಳು ಗಾಲಿಯನ್ನು ತಿರುಗಿಸುತ್ತೆ. ಬೆಂಕಿ ಹೆಚ್ಚಾದರೂ ಕಷ್ಟ, ಕಮ್ಮಿಯಾದರೂ ಕಷ್ಟ. ನೀರು ತಗ್ಗಿದರಂತೂ ಅಪಾಯ. ಫೈರ್‌ಮನ್ನನಿಗೆ ಇದು ಕೈಯಲ್ಲಿ ಬರಬೇಕಾದ ವಿದ್ಯೆ.

ಆಮೇಲೆ ಡೀಸೆಲ್ ಬಂತು, ಕರೆಂಟು ಬಂತು. ನಮ್ಮ ದೇಶದಲ್ಲಿ ದೊಡ್ಡ ಹಳಿಯ ಮೇಲೆ ದಿನನಿತ್ಯ ಓಡುತ್ತಿದ್ದ ಉಗಿ ರೈಲು 1995ರ ಡಿಸೆಂಬರಿನಲ್ಲಿ ನಿಂತುಹೋಯಿತು. ಎಂಜಿನ್‌ಗಳನ್ನು ಕತ್ತರಿಸಿ, ತೂಕ ಹಾಕಿ, ಗುಜರಿಗೆ ಮಾರಿದರು. ಇದು ನಮ್ಮಲ್ಲಿ ಮಾತ್ರ ಅಲ್ಲ, ಎಲ್ಲ ದೇಶದಲ್ಲೂ ನಡೆದಿದ್ದೇ.

ಆದರೆ ಕೆಲವು ಕಡೆ ಜನ ಅಡ್ಡ ನಿಂತರು. ಮೊಟ್ಟಮೊದಲು ಹಾಗೆ ನಿಂತವರು ಬ್ರಿಟನ್ ದೇಶದಲ್ಲಿ, ವೇಲ್ಸ್ ಅನ್ನೋ ಬೆಟ್ಟದ ಸೀಮೆಯಲ್ಲಿ. ಅಲ್ಲಿ ಟಾಲಿಲಿನ್ ಅನ್ನೋ ಪುಟ್ಟ ರೈಲು ಮಾರ್ಗ ಇದೆ. ಬೆಟ್ಟದಿಂದ ಸ್ಲೇಟು ಕಲ್ಲು ಇಳಿಸೋಕೆ 1865ರಲ್ಲಿ ಶುರುವಾಗಿದ್ದು. ನಾವು ಬಳಪ ಹಿಡಿದು ಅ ಆ ಬರೆಯುತ್ತಿದ್ದೆವಲ್ಲ, ಅದೇ ಸ್ಲೇಟು ಕಲ್ಲು. ಅಲ್ಲಿ ಅದನ್ನು ಹೆಂಚಿನ ಹಾಗೆ ಮನೆಗೆ ಹೊದಿಸುತ್ತಾರೆ. ಹಳಿಯ ಅಗಲ ಎರಡೂಕಾಲು ಅಡಿ. ಈಗ ತುಮಕೂರಿನಲ್ಲಿ ಕಾಣೋ ಹಳಿಯ ಅಗಲ ಐದೂವರೆ ಅಡಿ. ಎಷ್ಟು ಚಿಕ್ಕದು ಅಂತ ನೀವೇ ಅಳೆದು ನೋಡಿ.

ಕಲ್ಲಿನ ಗಣಿ 1946ರಲ್ಲಿ ಮುಚ್ಚಿತು. ಮಾರ್ಗದ ಯಜಮಾನರು ಹೇಡನ್ ಜೋನ್ಸ್. ತಾವು ಬದುಕಿರೋವರೆಗೆ ರೈಲು ಓಡುತ್ತೆ ಅಂತ ಮಾತು ಕೊಟ್ಟಿದ್ದರು. ಹಾಗೇ ಓಡಿಸಿದರು. 1950ರಲ್ಲಿ ಅವರು ತೀರಿಕೊಂಡರು. ಇನ್ನು ಹಳಿ ಕೀಳೋದೊಂದೇ ಬಾಕಿ ಅಂತ ಎಲ್ಲರೂ ಅಂದುಕೊಂಡರು.

ಆಗ ಟಾಮ್ ರೋಲ್ಟ್ ಅನ್ನೋ ಬರಹಗಾರರು ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಸಭೆ ಕರೆದರು. ಸಂಘ ಕಟ್ಟಿದರು. ನಿಮ್ಮೂರಿನ ಮಹಿಳಾ ಸಂಘ, ಯುವಕ ಸಂಘ ಇದ್ದ ಹಾಗೇ ಅನ್ನಿ. ಸದಸ್ಯರು, ಚಂದಾ, ಸಭೆ, ಲೆಕ್ಕ, ಎಲ್ಲ ಇತ್ತು. ಒಂದೇ ವ್ಯತ್ಯಾಸ, ಆ ಸಂಘಕ್ಕೆ ಒಂದು ರೈಲು ಇತ್ತು! ಯಜಮಾನರ ಹೆಂಡತಿಯೂ ಒಪ್ಪಿ ಮಾರ್ಗವನ್ನು ಸಂಘಕ್ಕೆ ಬಿಟ್ಟರು.

ಇದ್ದದ್ದು ಎರಡು ಎಂಜಿನ್. ಅದರಲ್ಲಿ ಓಡುವ ಸ್ಥಿತಿಯಲ್ಲಿದ್ದದ್ದು ಒಂದೇ, 1866ರ ಡೋಲ್ಗೋಕ್. ಹಳಿಯ ಮೇಲೆಲ್ಲ ಹುಲ್ಲು ಬೆಳೆದಿತ್ತು. ಪಕ್ಕದ ಕಾರಿಸ್ ಅನ್ನೋ ಮಾರ್ಗ 1948ರಲ್ಲಿ ಮುಚ್ಚಿತ್ತು. ಅದರ ಹಳಿಯೂ ಎರಡೂಕಾಲು ಅಡಿ ಅಗಲದ್ದೇ. ಅಲ್ಲಿನ ಎರಡು ಎಂಜಿನ್ ಮಾತ್ರ ಇವರ ಹಳಿಗೆ ಕೂರುತ್ತಿದ್ದವು. ಅವನ್ನು ಒಂದೊಂದಕ್ಕೆ 25 ಪೌಂಡಿನಂತೆ ಕೊಂಡು ತಂದರು. 1951ರ ಮೇ 14ರಂದು ಸಂಘದ ಮೊದಲ ರೈಲು ಓಡಿತು. ಜನರೇ ಸಂಘ ಕಟ್ಟಿ, ತಾವೇ ದುಡಿದು ಉಳಿಸಿದ ಜಗತ್ತಿನ ಮೊದಲ ರೈಲು ಅದು. ಇವತ್ತಿಗೂ ಓಡುತ್ತಿದೆ.

ಯಾರು ದುಡಿದರು? ಬೇರೆ ಬೇರೆ ಕಸುಬಿನವರು ರಜೆ ಹಾಕಿ ಬಂದರು. ಸಂಬಳ ಇಲ್ಲ. ಹುಲ್ಲು ಕಿತ್ತರು, ಕೊಳೆತ ಮರದ ದಿಮ್ಮಿ ತೆಗೆದು ಹೊಸದು ಹಾಕಿದರು, ಟಿಕೆಟ್ ಕೊಟ್ಟರು. ಗೊತ್ತಿದ್ದವರ ಹತ್ತಿರ ಎಂಜಿನ್ ಕೆಲಸ ಕಲಿತರು. ನಮ್ಮೂರ ತೇರನ್ನು ನೆನಪು ಮಾಡಿಕೊಳ್ಳಿ. ಅಚ್ಚು ನೋಡೋರು ಒಬ್ಬರು, ಹಗ್ಗ ಎಳೆಯೋರು ಹತ್ತಾರು ಜನ, ಗಾಲಿಗೆ ಸೊನೆ ಕೊಡೋನು ಇನ್ನೊಬ್ಬ. ಕಲಿತವರು ಕಲಿಸದೆ ಹೋದರೆ ತೇರು ಅಲ್ಲೇ ನಿಲ್ಲುತ್ತೆ. ರೈಲೂ ಅಷ್ಟೇ.

ಟ್ರ್ಯಾಮ್ ಕಥೆಯೂ ಇಂಥದ್ದೇ. ಟ್ರ್ಯಾಮ್ ಅಂದರೆ ಊರೊಳಗಿನ ರಸ್ತೆಯಲ್ಲೇ ಹಳಿಯ ಮೇಲೆ ಓಡೋ ಬಂಡಿ. ಮದರಾಸಿನಲ್ಲಿ 1895ರಲ್ಲಿ ಕರೆಂಟಿನ ಟ್ರ್ಯಾಮ್ ಬಂತು, 1953ರಲ್ಲಿ ನಿಂತಿತು. ಬೊಂಬಾಯಿಯದು 1964ರಲ್ಲಿ ನಿಂತಿತು. ಬ್ರಿಟನ್ನಿನಲ್ಲಿ 1948ರಲ್ಲಿ ಟ್ರ್ಯಾಮ್ ಪ್ರಿಯರು ಸೌತಾಂಪ್ಟನ್ ಊರಿನ ಒಂದು ಹಳೇ ಟ್ರ್ಯಾಮನ್ನು 10 ಪೌಂಡಿಗೆ ಕೊಂಡರು. ಕೊಂಡಿದ್ದೇನೋ ಸರಿ, ನಿಲ್ಲಿಸೋದು ಎಲ್ಲಿ? ಜಾಗ ಇಲ್ಲ! 1955ರಲ್ಲಿ ಸಂಘ ಕಟ್ಟಿದರು. ಕ್ರೈಚ್ ಅನ್ನೋ ಊರಿನ ಕಲ್ಲು ಗಣಿಯಲ್ಲಿ ಟಾಲಿಲಿನ್ ಸಂಘದವರು ಹಳೇ ಹಳಿ ಬಿಚ್ಚಿಕೊಳ್ಳುತ್ತಿದ್ದರು. ಅವರಿಂದಲೇ ಇವರಿಗೆ ಆ ಜಾಗದ ಸುದ್ದಿ ಸಿಕ್ಕಿತು. ಈಗ ಅಲ್ಲಿ ದೊಡ್ಡ ಟ್ರ್ಯಾಮ್ ವಸ್ತು ಸಂಗ್ರಹಾಲಯ ಇದೆ. ನಮ್ಮ ಕೊಲ್ಕತ್ತಾದಲ್ಲಿ ಟ್ರ್ಯಾಮ್ ಮೊದಲು ಓಡಿದ್ದು 1873ರಲ್ಲಿ. ಒಂದು ಚಿಕ್ಕ ದಾರಿ ಬಿಟ್ಟು ಉಳಿದದ್ದೆಲ್ಲ ನಿಲ್ಲಿಸುತ್ತೇವೆ ಅಂತ 2024ರಲ್ಲಿ ಅಲ್ಲಿನ ಸರ್ಕಾರ ಹೇಳಿತು. ಟ್ರ್ಯಾಮ್ ಉಳಿಸಿ ಅಂತ ಅಲ್ಲಿನ ಪ್ರಯಾಣಿಕರ ಸಂಘ ಹೋರಾಡುತ್ತಾ ಬಂದಿದೆ.

ನಮ್ಮ ದೇಶದಲ್ಲಿ ಹೆಚ್ಚಾಗಿ ಈ ಕೆಲಸ ಮಾಡಿದ್ದು ರೈಲ್ವೆ ಇಲಾಖೆ. ಅದರ ಹಿಂದೆಯೂ ಹವ್ಯಾಸಿಗಳು ಇದ್ದರು. ಮೈಕ್ ಸ್ಯಾಟೋ ಅಂತ ಒಬ್ಬರು ಇಂಗ್ಲಿಷರು, ಇಲ್ಲಿ ಕಂಪನಿಯೊಂದರಲ್ಲಿ ಅಧಿಕಾರಿ. 1962ರಲ್ಲಿ ಪಟಿಯಾಲದ ಗುಜರಿ ಸಾಮಾನಿನ ಮಧ್ಯೆ ಅವರಿಗೆ ಒಂದು ವಿಚಿತ್ರ ರೈಲು ಸಿಕ್ಕಿತು. ಅದಕ್ಕೆ ಒಂದೇ ಹಳಿ! ಬಂಡಿ ವಾಲದ ಹಾಗೆ ಪಕ್ಕದಲ್ಲಿ ಒಂದು ದೊಡ್ಡ ಗಾಲಿ ರಸ್ತೆಯ ಮೇಲೆ ಉರುಳುತ್ತಿತ್ತು. 1927ರಲ್ಲಿ ನಿಂತುಹೋಗಿದ್ದ ಆ ರೈಲು ರಿಪೇರಿಯಾಗಿ ದೆಹಲಿಯ ರೈಲು ವಸ್ತು ಸಂಗ್ರಹಾಲಯ ಸೇರಿತು. ಆ ಸಂಗ್ರಹಾಲಯ ತೆರೆದಿದ್ದು 1977ರಲ್ಲಿ. 1855ರ ಫೇರಿ ಕ್ವೀನ್ ಅನ್ನೋ ಎಂಜಿನ್ನೂ ಅಲ್ಲೇ ಇತ್ತು. 1909ರಲ್ಲಿ ನಿಂತಿದ್ದ ಅದನ್ನು ಮದರಾಸಿನ ಪೆರಂಬೂರು ಕಾರ್ಖಾನೆಯ ಕೆಲಸಗಾರರು ರಿಪೇರಿ ಮಾಡಿದರು. 1997ರಲ್ಲಿ ಅದು ಮತ್ತೆ ಓಡಿತು. ಆಗ ಉಗಿ ಎಂಜಿನ್ನಿನ ಕೆಲಸ ಬಲ್ಲ ಕೈಗಳು ಇನ್ನೂ ಇದ್ದವು. ನಮಗೆ ಇದೇ ಮುಖ್ಯ ಅನಿಸುತ್ತೆ. 1999ರಲ್ಲಿ ಉಗಿ ರೈಲು ಪ್ರಿಯರ ಒಂದು ಸಂಘವೂ ಹುಟ್ಟಿತು.

ನಮಗೆ ಹತ್ತಿರದಲ್ಲಿ ಇರೋದು ಯಲಹಂಕ, ಚಿಕ್ಕಬಳ್ಳಾಪುರ, ಕೋಲಾರ, ಬಂಗಾರಪೇಟೆಯ ದಾರಿ. 1910ರ ದಶಕದಲ್ಲಿ ಹಾಕಿದ್ದು, ಆಗ ಹಳಿ ಎರಡೂವರೆ ಅಡಿ ಅಗಲ. 2013ರ ಹೊತ್ತಿಗೆ ಇಡೀ ದಾರಿ ಐದೂವರೆ ಅಡಿಯದಾಯಿತು. ಹಳೇ ಸ್ಟೇಷನ್ ಕಟ್ಟಡಗಳು ಪಾಳು ಬಿದ್ದವು. ಇತ್ತೀಚಿನ ವರ್ಷಗಳಲ್ಲಿ ಇಂಟ್ಯಾಕ್ ಅನ್ನೋ ಸಂಸ್ಥೆಯ ಬೆಂಗಳೂರು ಶಾಖೆ ರೈಲ್ವೆಯವರ ಜೊತೆ ಸೇರಿ ನಂದಿ ಹಾಲ್ಟ್ ಸ್ಟೇಷನ್ನನ್ನು ಸರಿಪಡಿಸಿದೆ.

ಮೈಸೂರಿಗೆ ಹೋದರೆ ಅರಮನೆ ನೋಡಿ ಬಂದುಬಿಡಬೇಡಿ. ರೈಲ್ವೆ ಸ್ಟೇಷನ್ ಹತ್ತಿರವೇ 1979ರಲ್ಲಿ ತೆರೆದ ರೈಲು ವಸ್ತು ಸಂಗ್ರಹಾಲಯ ಇದೆ. 1899ರ ಮಹಾರಾಣಿಯವರ ಬೋಗಿ ಅಲ್ಲಿದೆ. ಒಂದು ಆಸ್ಟಿನ್ ಕಾರಿಗೆ ರೈಲಿನ ಗಾಲಿ ಹಾಕಿ ಹಳಿಯ ಮೇಲೆ ನಿಲ್ಲಿಸಿದ್ದಾರೆ. ಮಕ್ಕಳು ಅದನ್ನು ಬಿಟ್ಟು ಬರೋದೇ ಇಲ್ಲ! ಉಗಿ ಎಂಜಿನ್‌ಗಳೂ ಇವೆ. ಆದರೆ ಅವು ನಿಂತೇ ಇವೆ, ಕಲ್ಲಿನ ಬಸವಣ್ಣನ ಹಾಗೆ.

ನಿಮ್ಮೂರಲ್ಲಿ ರೈಲ್ವೆಯಲ್ಲಿ ದುಡಿದ ಅಜ್ಜ ಯಾರಾದರೂ ಇದ್ದಾರಾ? ಗ್ಯಾಂಗ್‌ಮನ್, ಫೈರ್‌ಮನ್, ಪಾಯಿಂಟ್ಸ್‌ಮನ್, ಯಾರಾದರೂ ಸರಿ. ಈ ಪಾಠವನ್ನು ಅವರ ಮುಂದೆ ಗಟ್ಟಿಯಾಗಿ ಓದಿ. ಬೆಂಕಿ ಹೇಗೆ ಹಾಕುತ್ತಿದ್ದಿರಿ, ಹಳಿ ಸಡಿಲವಾದದ್ದು ಹೇಗೆ ಗೊತ್ತಾಗುತ್ತಿತ್ತು, ರಾತ್ರಿ ದೀಪ ಹೇಗೆ ತೋರಿಸುತ್ತಿದ್ದಿರಿ ಅಂತ ಕೇಳಿ. ಅವರು ಹೇಳಿದ್ದನ್ನು ನಿಮ್ಮ ನೋಟು ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ವಾರ ತರಗತಿಗೆ ತನ್ನಿ.