ಕೆರೆ ಕಾಯುವವನ ಕೂಲಿ
(ಪಾಠ: ಲೂಕ 14:28-30)

ಗೋಪುರ ಕಟ್ಟುವವನು ಮೊದಲು ಖರ್ಚನ್ನು ಲೆಕ್ಕಿಸಬೇಕೆಂದು ಕರ್ತನು ಬೋಧಿಸಿದನು. ಕೆರೆಯ ವಿಷಯದಲ್ಲಾದರೋ ಕಟ್ಟುವ ಖರ್ಚು ಒಂದೇ ಸಾರಿ, ಕಾಯುವ ಖರ್ಚು ಎಂದೆಂದಿಗೂ. ಇದನ್ನರಿತ ನಮ್ಮ ಹಿರಿಯರು ಕೆರೆ ಕಟ್ಟಿ ಕಾಪಾಡುವವರಿಗೆ ಕಟ್ಟುಕೊಡಗೆಯ ಭೂಮಿಯನ್ನೂ, ನೀರುಗಂಟಿಗೆ ಕಣದಲ್ಲಿ ಧಾನ್ಯದ ಪಾಲನ್ನೂ ಕೊಡುತ್ತಿದ್ದರು.

ಕುಂದಲಹಳ್ಳಿಗೆ ದೂರವಲ್ಲದ ಕೈಕೊಂಡ್ರಹಳ್ಳಿ ಕೆರೆಯು 2009ರಿಂದೀಚೆಗೆ ಜೀರ್ಣೋದ್ಧಾರಗೊಳ್ಳಲು, ಹಕ್ಕಿಗಳು ತಿರುಗಿ ಬಂದವು. ಊರವರ ಸಮಿತಿಯು ದಾನದ ಹಣದಿಂದ ಅದನ್ನು ಪಾಲಿಸಿತು. 2020ರಲ್ಲಿ ಉಚ್ಚ ನ್ಯಾಯಾಲಯವು ಪಾಲಿಕೆಯು ಕೆರೆಗಳಿಗಾಗಿ ಖಾಸಗಿ ಕಂಪೆನಿಗಳೊಡನೆ ಒಪ್ಪಂದ ಮಾಡದಂತೆ ತಡೆಯಿತು. ಕೆರೆ ಪ್ರಜೆಗಳ ಸೊತ್ತೆಂಬುದು ನಿಜವೇ. ಆದರೂ ಕಳೆ ತೆಗೆಯುವವನಿಗೆ ತಿಂಗಳ ಕೂಲಿ ಬೇಕಲ್ಲವೇ?

ಆದಿಯಲ್ಲಿ ಮನುಷ್ಯನಿಗೆ ದೊರೆತ ಕೆಲಸವೂ ಕಾಯುವುದೇ (ಆದಿಕಾಂಡ 2:15). ಆದಕಾರಣ ಸುಗ್ಗಿಯ ಕಾಣಿಕೆಯಲ್ಲಿ ಒಂದು ಪಾಲನ್ನು ಪ್ರತಿವರ್ಷವೂ ಊರಕೆರೆಗಾಗಿ ಪ್ರತ್ಯೇಕಿಸೋಣ.

ಪ್ರಶ್ನೆ: ನಮ್ಮೂರ ಕೆರೆಯನ್ನು ಕಾಯುವವರಾರು? ಅವರ ಕೂಲಿ ಎಲ್ಲಿಂದ ಬರುವದು?