ಶರತ್ಕಾಲದ ಒಂದು ಹೊಲಿಗೆ ಪಾಠ: ಕೌದಿಯ ಮೇಜುಪಟ್ಟಿ

ಹಬ್ಬದ ದಿನಗಳಲ್ಲಿ ಆಪ್ತರಿಗೆ ಕೊಡತಕ್ಕ ಉಡುಗೊರೆಯನ್ನು ಅಂಗಡಿಯಿಂದ ಕೊಂಡು ತರುವುದು ಸುಲಭ. ಸ್ವಂತ ಕೈಯಿಂದ ಮಾಡಿ ಕೊಡುವುದು ತುಸು ಪ್ರಯಾಸದ ಕೆಲಸ. ಆದರೆ ಕೈಯಿಂದ ಮಾಡುವವಳು ಇತರರಿಗೆ ಕೊಡುವುದಕ್ಕೆ ಮೊದಲೇ ತಾನೊಂದನ್ನು ಪಡೆದಿರುತ್ತಾಳೆ. ಅದು ಯಾವುದೆಂಬುದನ್ನು ಈ ಪಾಠದ ಕೊನೆಯಲ್ಲಿ ಲೆಕ್ಕ ಹಾಕಿಯೇ ತೋರಿಸುವೆನು. ಹಳೆಯ ವಿದ್ಯಾರ್ಥಿನಿಯರು ಸೂಜಿದಾರಗಳನ್ನು ಹತ್ತಿರ ಇಟ್ಟುಕೊಂಡು ಓದಲಿ. ಪಾಲಕರು ತಮ್ಮ ಹೆಣ್ಣುಮಕ್ಕಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಓದಲಿ.

ಮೇಜಿನ ನಡುವೆ ಉದ್ದಕ್ಕೆ ಹಾಸುವ ಕಿರಿದಾದ ಬಟ್ಟೆಯನ್ನೇ ಇಲ್ಲಿ ಮೇಜುಪಟ್ಟಿಯೆಂದು ಕರೆದಿದ್ದೇನೆ. ಉತ್ತರ ಅಮೆರಿಕೆಯ ಮನೆಗಳಲ್ಲಿ ಇದನ್ನು ಪದರ ಪದರವಾಗಿ ಹೊಲಿದು ಶರತ್ಕಾಲದ ಹಬ್ಬಗಳಿಗೆ ಕಾಣಿಕೆಯಾಗಿ ಕೊಡುವ ರೂಢಿಯುಂಟು. ಕೆನಡಾ ದೇಶದಲ್ಲಿ ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರವೂ, ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರವೂ ಸುಗ್ಗಿಯ ಕೃತಜ್ಞತೆಯ ಹಬ್ಬಗಳಾಗಿವೆ. ಆಗ ಅಲ್ಲಿಯ ಮೇಪಲ್ ಮರಗಳ ಎಲೆಗಳು ಕೆಂಪೇರಿ ಉದುರುವುದರಿಂದ, ಪಟ್ಟಿಯ ಮೇಲೆಯೂ ಆ ಎಲೆಯ ಆಕಾರವೇ ಮೂಡುವುದು. ಮೇಪಲ್ ಎಲೆ ನಮ್ಮ ಹಿತ್ತಲುಗಳಲ್ಲಿ ಉದುರುವುದಿಲ್ಲ. ಆದರೆ ನಮ್ಮ ಶರತ್ಕಾಲಕ್ಕೂ ಅದರದೇ ಬಣ್ಣಗಳಿವೆ: ಮಾಗುತ್ತಿರುವ ಬತ್ತದ ಹೊಂಬಣ್ಣ, ಚೆಂಡುಹೂವಿನ ಕಿತ್ತಳೆ, ಮಳೆ ಹಿಂತೆಗೆದ ಬಾನಿನ ತಿಳಿನೀಲಿ, ವಿಜಯದಶಮಿಯಂದು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುವ ಬನ್ನಿಯ ಎಲೆಯ ಹಸುರು. ಎಲೆಯೊಂದನ್ನು ಬಂಗಾರವೆಂದು ಬಗೆದು ಸ್ವೀಕರಿಸುವ ನಾಡಿನಲ್ಲಿ ಹಳೆಯ ಅರಿವೆಯ ಉಡುಗೊರೆಗೆ ಮರ್ಯಾದೆ ಕಡಿಮೆಯಾಗಬೇಕಾಗಿಲ್ಲ.

ಪದರ ಹೊಲಿಗೆಯೂ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಕೌದಿಯನ್ನು ಅರಿಯದವರಾರು? ಉಟ್ಟು ಸವೆದ ಸೀರೆ, ಧೋತರ, ಅಂಗಿಗಳನ್ನು ಒಂದರ ಮೇಲೊಂದು ಹಾಸಿ, ಓಟದ ಹೊಲಿಗೆಯಿಂದ ಬಂಧಿಸಿದ ಹೊದಿಕೆಯೇ ಕೌದಿ. ಮಹಾರಾಷ್ಟ್ರದ ಗೋಧಡಿಯೂ ಬಂಗಾಳದ ಕಾಂಥಾ ಹೊದಿಕೆಯೂ ಇದರ ಒಡಹುಟ್ಟುಗಳೇ. ಕಸೂತಿಯಲ್ಲಿ ಹೊಲಿಗೆಯು ಅಲಂಕಾರಕ್ಕಾಗಿ ಇರುವುದು. ಅದನ್ನು ಬಿಚ್ಚಿದರೂ ಬಟ್ಟೆ ಬಟ್ಟೆಯಾಗಿಯೇ ಉಳಿಯುವುದು. ಕೌದಿಯಲ್ಲಾದರೋ ಹೊಲಿಗೆಯನ್ನು ಬಿಚ್ಚಿದರೆ ಚಿಂದಿಗಳು ಮಾತ್ರ ಉಳಿಯುವುವು. ಇಲ್ಲಿ ಅಂದವು ಅಗತ್ಯದಿಂದಲೇ ಹುಟ್ಟಿದೆ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಮೊದಲಾದ ತಾಲೂಕುಗಳಲ್ಲಿರುವ ಸಿದ್ದಿ ಜನರ ಕೌದಿಗಳು ವಿಶೇಷವಾಗಿ ಪ್ರಸಿದ್ಧವಾದುವು. ಅವರಲ್ಲಿ ಹಲವರ ಪೂರ್ವಿಕರು ಆಫ್ರಿಕೆಯಿಂದ ಗೋವೆಗೆ ದಾಸರಾಗಿ ತರಲ್ಪಟ್ಟಿದ್ದವರು. ಸಿದ್ದಿ ಹೆಂಗಸರು ಕೌದಿಯ ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತುತ್ತ, ತುಂಡುಗಳನ್ನು ಸೇರಿಸಿಕೊಂಡು ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮುಮ್ಮೂಲೆಯಾಗಿ ಮಡಿಸಿ, ಪದರವಾಗಿ ಕೂಡಿಸಿ, ‘ಫೂಲ’ ಎಂಬ ಹೂವನ್ನು ಹೊಲಿಯುತ್ತಾರೆ. ಹೂವಿಲ್ಲದ ಕೌದಿಯು ಅವರ ಎಣಿಕೆಯಲ್ಲಿ ಬತ್ತಲೆಯಾದುದು. ಬಡತನದ ನಡುವೆ ಹೊಲಿದ ಹೊದಿಕೆಗೂ ಹೂವು ಬೇಕೆಂಬ ಆ ಮನಸ್ಸು ನಮಗೊಂದು ಪಾಠವೇ ಸರಿ.

ಇನ್ನು ಕೆಲಸಕ್ಕೆ ತೊಡಗೋಣ. ನಮ್ಮ ಪಟ್ಟಿಯು ೩೬ ಅಂಗುಲ ಉದ್ದ, ೧೨ ಅಂಗುಲ ಅಗಲ ಇರತಕ್ಕದ್ದು. ಮೇಲಿನ ಪದರಕ್ಕೆ ಮೂರು ಬಣ್ಣದ ಹತ್ತಿಯ ಬಟ್ಟೆ, ಒಳಗೆ ಹಳೆಯ ದಪ್ಪ ಧೋತರದ ಒಂದು ಪದರ, ಅಡಿಗೆ ಒಂದೇ ತುಂಡಾದ ಬಟ್ಟೆ ಬೇಕು. ಹಳೆಯ ಅರಿವೆಯನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿರಿ; ನೂಲು ಸವೆದು ಬೆಳಕು ಜಾಲರಿಯಂತೆ ತೋರುವ ಭಾಗವನ್ನು ಬಿಟ್ಟುಬಿಡಬೇಕು. ಹತ್ತಿಯನ್ನೂ ರೇಷ್ಮೆಯನ್ನೂ ಬೆರೆಸಬಾರದು. ಒಗೆತದಲ್ಲಿ ಎರಡೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ಇಳಕಲ್ ಸೀರೆಯಾದರೆ ಹತ್ತಿಯ ಒಡಲನ್ನು ತೆಗೆದುಕೊಂಡು ರೇಷ್ಮೆಯ ಸೆರಗನ್ನು ಬೇರೆ ಕೆಲಸಕ್ಕೆ ಇಡಿರಿ. ಹೊಸ ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸತಕ್ಕದ್ದು. ಒದ್ದೆ ಮಾಡಿದ ಬಿಳಿಯ ಚಿಂದಿಯಿಂದ ಒರಸಿದಾಗ ಬಣ್ಣ ಹತ್ತಿದರೆ ಆ ಬಟ್ಟೆಯು ಉಡುಗೊರೆಗೆ ತಕ್ಕದ್ದಲ್ಲ.

ಪ್ರತಿಯೊಂದು ಬಣ್ಣದಲ್ಲಿ ೯ ರಂತೆ ಒಟ್ಟು ೨೭ ಚೌಕಗಳನ್ನು ಕತ್ತರಿಸಿರಿ. ಚೌಕದ ಬದಿಯು ನಾಲ್ಕೂವರೆ ಅಂಗುಲ ಇರಲಿ. ಸುತ್ತಲೂ ಕಾಲಂಗುಲವು ಹೊಲಿಗೆಗೆ ಹೋಗಿ ನಾಲ್ಕು ಅಂಗುಲ ಉಳಿಯುವುದು. ಮೊದಲನೆಯ ಸಾಲಿನಲ್ಲಿ ಹೊಂಬಣ್ಣ, ಹಸುರು, ಕಿತ್ತಳೆ. ಎರಡನೆಯದರಲ್ಲಿ ಹಸುರು, ಕಿತ್ತಳೆ, ಹೊಂಬಣ್ಣ. ಮೂರನೆಯದರಲ್ಲಿ ಕಿತ್ತಳೆ, ಹೊಂಬಣ್ಣ, ಹಸುರು. ಈ ಕ್ರಮವನ್ನೇ ಮೂರಾವರ್ತಿ ಮಾಡಿದರೆ ಒಂದೇ ಬಣ್ಣದ ಎರಡು ಚೌಕಗಳು ಎಲ್ಲಿಯೂ ಬದಿಗೆ ಬದಿ ತಗಲುವುದಿಲ್ಲ. ಮೂರು ಮೂರು ಚೌಕಗಳನ್ನು ಕೂಡಿಸಿ ೯ ಸಾಲುಗಳನ್ನು ಮಾಡಿ, ಇಸ್ತ್ರಿಯಿಂದ ಒಂದು ಸಾಲಿನ ಸೇರಿಕೆಗಳನ್ನು ಎಡಕ್ಕೂ ಮುಂದಿನ ಸಾಲಿನವನ್ನು ಬಲಕ್ಕೂ ಮಲಗಿಸಿರಿ. ಆಗ ಸಾಲುಗಳನ್ನು ಕೂಡಿಸುವಾಗ ಮೂಲೆಗಳು ಒಂದಕ್ಕೊಂದು ಸರಿಯಾಗಿ ಕೂಡುವುವು, ಗಂಟಿನಂತೆ ದಪ್ಪವಾಗುವುದಿಲ್ಲ.

ಅಡಿಯ ಬಟ್ಟೆಯನ್ನೂ ಒಳಪದರವನ್ನೂ ೩೮ ಅಂಗುಲ ಉದ್ದ, ೧೪ ಅಂಗುಲ ಅಗಲ ಕತ್ತರಿಸಿರಿ. ಅಡಿಯ ಬಟ್ಟೆಯನ್ನು ಒಳಮೈ ಮೇಲಾಗಿ ಹಾಸಿ, ಅದರ ಮೇಲೆ ಧೋತರವನ್ನು, ಅದರ ಮೇಲೆ ಚೌಕಗಳ ಪದರವನ್ನು ಸುಕ್ಕಿಲ್ಲದಂತೆ ಹರಡಿ, ನಡುವಿನಿಂದ ಹೊರಕ್ಕೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿರಿ. ಸಿದ್ದಿ ಹೆಂಗಸರಂತೆ ಅಂಚಿನಿಂದ ಒಳಕ್ಕೆ ಬರುವುದಕ್ಕೆ ನುರಿತ ಕೈ ಬೇಕು. ಕಲಿಯುವವರು ನಡುವಿನಿಂದಲೇ ಹೊರಡುವುದು ಲೇಸು. ಬಳಿಕ ಅರ್ಧ ಅರ್ಧ ಅಂಗುಲಕ್ಕೆ ಉದ್ದ ಗೆರೆಗಳನ್ನು ಸೀಮೆಸುಣ್ಣದಿಂದ ಎಳೆದು, ಅಂಗುಲಕ್ಕೆ ೬ ರಂತೆ ಓಟದ ಹೊಲಿಗೆ ಹಾಕತಕ್ಕದ್ದು. ಸೇರಿಕೆಯ ಮೇಲೆ ಬರುವ ಗೆರೆಯನ್ನು ದಪ್ಪವಿಲ್ಲದ ಮಗ್ಗುಲಿಗೆ ಕೂದಲೆಳೆಯಷ್ಟು ಸರಿಸಿರಿ. ದಾರವು ೧೮ ಅಂಗುಲಕ್ಕಿಂತ ಉದ್ದವಾದರೆ ಸಿಕ್ಕಾಗುವುದು. ಬಿಗಿಯಾಗಿ ಎಳೆದರೆ ಬಟ್ಟೆ ನಿರಿಗೆಗಟ್ಟುವುದು. ಗಂಟುಗಳನ್ನು ಒಳಪದರದಲ್ಲಿ ಅಡಗಿಸಿರಿ. ಆಗಾಗ ಮಗುಚಿ ನೋಡಬೇಕು. ಅಡಿಯಲ್ಲಿ ಹೊಲಿಗೆ ಕಾಣದಿದ್ದರೆ ಸೂಜಿಯು ಕೆಳಗಿನ ಪದರವನ್ನು ಹಿಡಿದಿಲ್ಲ. ಯಾರೂ ನೋಡದ ಆ ಮಗ್ಗುಲೇ ಕೆಲಸದ ನಿಜವನ್ನು ಹೇಳುವುದು.

ಕೊನೆಗೆ ಹೆಚ್ಚಿನ ಅಂಚನ್ನು ಸಮನಾಗಿ ಕತ್ತರಿಸಿ, ಒಂದೂವರೆ ಅಂಗುಲ ಅಗಲದ ಪಟ್ಟಿಯನ್ನು ಸುತ್ತಲೂ ಕೂಡಿಸಿ, ಹಿಂದಕ್ಕೆ ಮಡಿಸಿ ಹೊಲಿಯಿರಿ. ಸುತ್ತಳತೆಯು ೯೬ ಅಂಗುಲ. ಮೂಲೆಗಳ ಮಡಿಕೆಗೂ ಕೂಡಿಕೆಗೂ ಸೇರಿಸಿ ೧೦೮ ಅಂಗುಲ, ಎಂದರೆ ೩ ಗಜ, ಸಾಕಾಗುವುದು. ಮೂಲೆಗಳಲ್ಲಿ ಹೂವನ್ನು ಹೊಲಿಯುವವರು, ಅದು ಯಾರ ಕಲೆಯೆಂಬುದನ್ನು ಪಡೆಯುವವರಿಗೆ ಹೇಳಿ ಕೊಡಲಿ.

ಈಗ ಮೊದಲು ಹೇಳಿದ ಲೆಕ್ಕ. ೧೨ ಅಂಗುಲದ ಅಗಲದಲ್ಲಿ ಅರ್ಧ ಅಂಗುಲಕ್ಕೊಂದರಂತೆ ೨೩ ಗೆರೆಗಳು. ಒಂದೊಂದು ೩೬ ಅಂಗುಲ. ಒಟ್ಟು ೮೨೮ ಅಂಗುಲ. ಅಂಗುಲಕ್ಕೆ ೬ ರಂತೆ ೪,೯೬೮ ಹೊಲಿಗೆಗಳು. ನಿಮಿಷಕ್ಕೆ ೧೦ ಹೊಲಿಗೆಯೆಂದು ಹಿಡಿದರೂ ೮ ಗಂಟೆಗಳ ಮೇಲಾಯಿತು. ಇದು ಕೇವಲ ಮೇಜಿನ ಪಟ್ಟಿ. ೬ ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಕೌದಿಗೆ ಅಷ್ಟೇ ಅಂತರದಲ್ಲಿ ೧೦೭ ಗೆರೆಗಳು. ಅಂಗುಲಕ್ಕೆ ನಾಲ್ಕೇ ಹೊಲಿಗೆಯಾದರೂ ೩೦,೮೧೬ ಹೊಲಿಗೆಗಳು. ಅದೇ ವೇಗದಲ್ಲಿ ೫೧ ಗಂಟೆ. ದಿನಕ್ಕೆ ೮ ಗಂಟೆ ದುಡಿದರೆ ಆರು ದಿನಗಳು ಮೀರುವುವು. ನುರಿತ ಕೈಯು ಇಮ್ಮಡಿ ವೇಗದಿಂದ ನಡೆದರೂ ಮೂರು ದಿನ ಬೇಕು. ಕತ್ತರಿಸುವುದು, ಜೋಡಿಸುವುದು, ಅಂಚು ಕಟ್ಟುವುದು ಈ ಲೆಕ್ಕದಲ್ಲಿ ಸೇರಿಲ್ಲ.

ಮನೆ ಮನೆಗೆ ಬಂದು ಹಳೆಯ ಬಟ್ಟೆಗಳಿಂದ ಕೌದಿ ಹೊಲಿದುಕೊಡುವ ಹೆಂಗಸರು ನಮ್ಮ ನಾಡಿನಲ್ಲಿದ್ದಾರೆ. “ಬಟ್ಟೆ ನಮ್ಮದು, ದಾರ ನಮ್ಮದು, ನಿನ್ನದೇನು?” ಎಂದು ಅವರೊಡನೆ ಕೂಲಿಗಾಗಿ ಚೌಕಾಸಿ ನಡೆಯುವುದುಂಟು. ಅವಳದು ಆ ಮೂವತ್ತು ಸಾವಿರ ಹೊಲಿಗೆಗಳು. ತನ್ನ ಕೈಯಿಂದ ಐದು ಸಾವಿರವನ್ನು ಹಾಕಿದ ಹುಡುಗಿಯು ಆ ಮಾತನ್ನು ಎಂದಿಗೂ ಆಡಲಾರಳು. ಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಗುರುತು ಮಾಯುವುದು. ಇನ್ನೊಬ್ಬಳ ದುಡಿಮೆಯ ಬೆಲೆಯನ್ನು ಅರಿತ ಅರಿವು ಮಾಯುವುದಿಲ್ಲ. ಉಡುಗೊರೆ ಮಾಡುವವಳು ಮೊದಲೇ ಪಡೆಯುವುದು ಇದನ್ನೇ.

ವಿಜಯದಶಮಿಯಿಂದ ದೀಪಾವಳಿಗೆ ಸುಮಾರು ೨೦ ದಿನಗಳಿವೆ. ದಿನಕ್ಕೊಂದು ಗಂಟೆ ಕುಳಿತರೆ ಪಟ್ಟಿಯು ಮುಗಿಯುವುದು. ಕ್ರಿಸ್ಮಸ್ಸಿಗೆ ಕೊಡುವವರಿಗೆ ಎಂಟು ವಾರಗಳಿಗೆ ಕಡಿಮೆಯಿಲ್ಲದಷ್ಟು ಬಿಡುವಿದೆ. ಅವರಿಗೆ ಅರ್ಧ ಗಂಟೆಯೇ ಸಾಕು. ಕೊಡುವಾಗ, “ಇದನ್ನು ಪೆಟ್ಟಿಗೆಯಲ್ಲಿಡಬೇಡಿರಿ; ಹಾಸಿರಿ, ಒಗೆಯಿರಿ, ಮತ್ತೆ ಹಾಸಿರಿ” ಎಂದು ಹೇಳಿರಿ. ಮುಂದಿನ ಬಾರಿ ಕೌದಿ ಹೊಲಿಯುವವಳು ನಿಮ್ಮ ಬಾಗಿಲಿಗೆ ಬಂದಾಗ ಅವಳಿಗೊಂದು ಮಣೆ ಹಾಕಿ, ಕುಡಿಯಲು ನೀರು ಕೊಟ್ಟು, ಅವಳು ಕೇಳಿದ ಕೂಲಿಯನ್ನು ಮೇಲಿನ ಲೆಕ್ಕದೊಡನೆ ಹೋಲಿಸಿ ನೋಡಿರಿ. ಅವಳು ಕೇಳಿದುದು ಕಡಿಮೆಯೆಂದು ಕಂಡರೆ, ಹೆಚ್ಚಿಗೆ ಕೊಡಿರಿ.